ಎಳೆಯರ ತರಗತಿ ಮತ್ತು ಶಾಲೆಯ ಹಬ್ಬಗಳು

ಬೇಸಗೆಯ ರಜೆ ಮುಗಿದು, ಮೇ ತಿಂಗಳ ಕಡೆಯ ದಿನಗಳಲ್ಲಿ ಶಾಲೆಯ ಬಾಗಿಲುಗಳು ಮತ್ತೆ ತೆರೆಯುವ ಹೊತ್ತಿಗೆ, ನಮ್ಮ ಹಳ್ಳಿಗಳ ಪ್ರಾಥಮಿಕ ಶಾಲೆಗಳು ಒಂದು ವಿಶೇಷವಾದ ಶೋಭೆಯನ್ನು ತಾಳುತ್ತವೆ. ಬಾಗಿಲಿಗೆ ಮಾವಿನ ತೋರಣ, ಅಂಗಳಕ್ಕೆ ರಂಗೋಲಿ, ಅಡುಗೆಮನೆಯಲ್ಲಿ ಸಿಹಿಯ ಪರಿಮಳ, ಒಂದನೆಯ ತರಗತಿಗೆ ಹೊಸದಾಗಿ ಸೇರುವ ಮಕ್ಕಳ ಕೈಗೆ ಹೂವು. ಕೆಲವು ಊರುಗಳಲ್ಲಿ ಆ ಪುಟ್ಟ ಅತಿಥಿಗಳನ್ನು ಸಿಂಗರಿಸಿದ ಎತ್ತಿನ ಗಾಡಿಯಲ್ಲಿ ಕುಳ್ಳಿರಿಸಿ ವಾದ್ಯದೊಡನೆ ಕರೆತರುವುದೂ ಉಂಟು. ಶಾಲಾ ಪ್ರಾರಂಭೋತ್ಸವವೆಂದು ಕರೆಯಲ್ಪಡುವ ಈ ಸಮಾರಂಭದಿಂದ ಮೊದಲ್ಗೊಂಡು, ಮಾಗಿಯ ಚಳಿಯಲ್ಲಿ ಅಥವಾ ಅದರ ಆಚೆಗೆ ನಡೆಯುವ ವಾರ್ಷಿಕೋತ್ಸವದವರೆಗೆ, ಶಾಲೆಯ ವರ್ಷವು ಒಂದರ ಹಿಂದೊಂದು ಬರುವ ಹಬ್ಬಗಳಿಂದ ತುಂಬಿರುತ್ತದೆ. ಆ ಹಬ್ಬಗಳ ನಡುನಡುವೆ, ಯಾವ ತೋರಣವೂ ಇಲ್ಲದ ಸಾಮಾನ್ಯ ದಿನಗಳ ದೀರ್ಘವಾದ ಸಾಲು ಇರುತ್ತದೆ.

ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳಿಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನಗಳೂ 800 ಬೋಧನಾವಧಿಯ ಗಂಟೆಗಳೂ ದೊರೆಯಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯು ವಿಧಿಸಿದೆ. ಗಂಟೆಗಳನ್ನು ಕಾಯಿದೆ ಎಣಿಸಿ ಕೊಡಬಲ್ಲದು. ಆ ಗಂಟೆಗಳೊಳಗೆ ಆರು ವರ್ಷದ ಮಗುವಿನ ಕಣ್ಣು, ಕಿವಿ, ಕೈ, ನಾಲಗೆಗಳಿಗೆ ಏನು ಒದಗಬೇಕೆಂಬುದನ್ನು ನಿರ್ಣಯಿಸುವ ಹೊಣೆ ಮಾತ್ರ ಉಪಾಧ್ಯಾಯರದು, ಪೋಷಕರದು ಮತ್ತು ಊರಿನವರದು. ತರಗತಿಯ ದಿನನಿತ್ಯದ ಚಟುವಟಿಕೆಯೂ ಶಾಲೆಯ ಹಬ್ಬವೂ ಬೇರೆಬೇರೆಯಾದ ಎರಡು ವ್ಯವಹಾರಗಳೆಂದು ಭಾವಿಸುವ ಅಭ್ಯಾಸ ನಮ್ಮಲ್ಲಿ ಬಲವಾಗಿ ಬೇರೂರಿದೆ. ನಿತ್ಯದ ಕಲಿಕೆ ಹಣ್ಣಾದಾಗ ಹಬ್ಬ ತಾನಾಗಿ ಒದಗಬೇಕು, ಆ ಹಬ್ಬದಲ್ಲಿ ತರಗತಿಯ ಪ್ರತಿಯೊಂದು ಮಗುವಿಗೂ ಒಂದು ಕೆಲಸ ಇರಲೇಬೇಕು ಎಂಬ ನನ್ನ ನಂಬಿಕೆಯನ್ನು ಓದುಗರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ನಲಿಯುತ್ತ ಕಲಿಯುವ ದಾರಿ

ಮಕ್ಕಳ ತರಗತಿಯೆಂದರೆ ಸಾಲಾಗಿ ಕುಳಿತ ಮಕ್ಕಳು, ಎದುರಿಗೆ ಬೆತ್ತ ಹಿಡಿದ ಮೇಷ್ಟರು, ಕೊರಳೆತ್ತಿ ಒಕ್ಕೊರಲಿನಿಂದ ಒಪ್ಪಿಸುವ ಮಗ್ಗಿ ಎಂಬ ಚಿತ್ರವೇ ನಮ್ಮ ಹಿರಿಯರ ಮನಸ್ಸಿನಲ್ಲಿ ಅಚ್ಚೊತ್ತಿದೆ. ಆ ಚಿತ್ರವನ್ನು ಬದಲಿಸಿದ ಪ್ರಯೋಗವೊಂದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಕಾಡಿನಂಚಿನ ಸಾಧಾರಣ ಸರ್ಕಾರಿ ಶಾಲೆಗಳಲ್ಲಿ, 1995ರಲ್ಲಿ ಆರಂಭವಾಯಿತು. ಆಂಧ್ರದ ಮದನಪಲ್ಲಿಯ ಸಮೀಪದ ಋಷಿವ್ಯಾಲಿಯವರು ತಮ್ಮ ಸುತ್ತಣ ಹಳ್ಳಿಗಳ ಪುಟ್ಟ ಶಾಲೆಗಳಿಗಾಗಿ ರೂಪಿಸಿದ್ದ ಪದ್ಧತಿಯನ್ನು ಇಲ್ಲಿನ ಉಪಾಧ್ಯಾಯರು ಹೋಗಿ ಕಣ್ಣಾರೆ ಕಂಡು ಬಂದರು. ಯುನಿಸೆಫ್ ಸಂಸ್ಥೆಯ ನೆರವಿನಿಂದ, ತಮ್ಮ ನೆಲದ ಮಾತಿಗೂ ಹಾಡಿಗೂ ಹೊಂದುವಂತೆ ಅದನ್ನು ತಾವೇ ಕುಳಿತು ಹೊಸದಾಗಿ ಬರೆದರು. ನಲಿ-ಕಲಿ ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ಪದ್ಧತಿಯು 2009-10ನೆಯ ಸಾಲಿನಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ವಿಸ್ತರಿಸಿತು. ತರಗತಿಯಲ್ಲಿ ನಿಂತು ಪಾಠ ಹೇಳುವ ಉಪಾಧ್ಯಾಯರೇ ಮುಂದಾಗಿ ಕಟ್ಟಿದ ಸುಧಾರಣೆಯೊಂದು ಇಡೀ ರಾಜ್ಯದ ಪದ್ಧತಿಯಾದುದು ನಮ್ಮ ಶಿಕ್ಷಣದ ಚರಿತ್ರೆಯಲ್ಲಿ ಸ್ಮರಣೀಯವಾದ ಸಂಗತಿ.

ಇಂತಹ ತರಗತಿಯೊಂದರ ಬೆಳಗನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಪ್ರಾರ್ಥನೆ ಮುಗಿಸಿ ಒಳಬಂದ ಮಕ್ಕಳು ಗೋಡೆಯ ಹಾಜರಿ ಪಟ್ಟಿಯಲ್ಲಿ ತಮ್ಮ ಹೆಸರಿನ ಮುಂದೆ ತಾವೇ ಗುರುತು ಮಾಡುತ್ತಾರೆ; ಹವಾಮಾನದ ನಕ್ಷೆಯ ಮುಂದೆ ನಿಂತ ಒಬ್ಬ ಹುಡುಗ ಕಿಟಕಿಯಾಚೆಗೆ ಕತ್ತು ಚಾಚಿ, ಮೋಡ ಕಂಡಿತೋ ಬಿಸಿಲು ಕಂಡಿತೋ ಎಂದು ನಿರ್ಧರಿಸಿ ಆ ದಿನದ ಚಿತ್ರವನ್ನು ಆರಿಸುತ್ತಾನೆ. ಅನಂತರ ಎಲ್ಲರೂ ವೃತ್ತಾಕಾರವಾಗಿ ನಿಂತು ಒಂದು ಅಭಿನಯಗೀತೆಯನ್ನು ಹಾಡುತ್ತಾರೆ. ಹಾಡು ಮುಗಿಯುತ್ತಲೂ ಪ್ರತಿಯೊಂದು ಮಗುವೂ ಕಲಿಕೆಯ ಏಣಿಯ ಬಳಿಗೆ ಹೋಗಿ, ನಿನ್ನೆ ತಾನು ನಿಂತ ಮೆಟ್ಟಿಲು ಯಾವುದೆಂದು ನೋಡಿಕೊಂಡು, ಅದರ ಮೇಲಿನ ಮೆಟ್ಟಿಲಲ್ಲಿ ಇರುವ ಪ್ರಾಣಿಯ ಅಥವಾ ವಸ್ತುವಿನ ಗುರುತನ್ನು ನೆನಪಿಟ್ಟು, ಅದೇ ಗುರುತಿನ ಕಾರ್ಡನ್ನು ಹುಡುಕಿ ತೆಗೆದು, ತನಗೆ ಗೊತ್ತಾದ ಗುಂಪಿನಲ್ಲಿ ಹೋಗಿ ಕುಳಿತುಕೊಳ್ಳುತ್ತದೆ. ಇಂತಹ ಗುಂಪುಗಳು ಐದು. ಒಂದರಲ್ಲಿ ಉಪಾಧ್ಯಾಯಿನಿಯ ಪೂರ್ಣ ನೆರವು, ಮತ್ತೊಂದರಲ್ಲಿ ಅವರ ಸ್ವಲ್ಪ ನೆರವು, ಇನ್ನೆರಡರಲ್ಲಿ ಹೆಚ್ಚುಕಡಿಮೆಯಾಗಿ ಸಹಪಾಠಿಗಳ ನೆರವು, ಕಡೆಯದರಲ್ಲಿ ಯಾರ ನೆರವೂ ಇಲ್ಲದೆ ಸ್ವಂತ ಕಲಿಕೆ. ನೆಲದಿಂದ ಸ್ವಲ್ಪವೇ ಎತ್ತರದಲ್ಲಿ ಗೋಡೆಯುದ್ದಕ್ಕೂ ಬಳಿದ ಕಪ್ಪುಹಲಗೆಯಲ್ಲಿ ಪ್ರತಿಯೊಬ್ಬರಿಗೂ ತಮ್ಮ ತಮ್ಮ ಜಾಗವಿದೆ. ತಲೆಯ ಮೇಲೆ ದಾರಗಳನ್ನು ಅಡ್ಡಡ್ಡಲಾಗಿ ಕಟ್ಟಿದ ಚಪ್ಪರದಲ್ಲಿ ಅವರು ಬರೆದ ಚಿತ್ರ, ಕತ್ತರಿಸಿದ ಕಾಗದದ ಹಕ್ಕಿ, ಅಂಟಿಸಿದ ಎಲೆ ತೂಗುತ್ತಿರುತ್ತವೆ.

ಅಕ್ಷರವನ್ನು ಕಲಿಸುವ ಕ್ರಮದಲ್ಲಿಯೂ ಇಲ್ಲಿ ಒಂದು ವಿವೇಕವಿದೆ. ವರ್ಣಮಾಲೆಯನ್ನು ಮೊದಲಿನಿಂದ ಕೊನೆಯವರೆಗೆ ಬಾಯಿಪಾಠ ಮಾಡಿಸುವುದಕ್ಕೆ ಬದಲಾಗಿ ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ತೊಡಗುತ್ತಾರೆ. ಆಕಾರದಲ್ಲಿ ಸರಳವಾಗಿ ಒಂದನ್ನೊಂದು ಹೋಲುವ ಈ ಅಕ್ಷರಗಳು ಕೈಗೆ ಹತ್ತಿದ ಕೂಡಲೇ ಮಗು ಸರ, ರಸ, ಅರಸ, ಅಗಸ, ದಸರ ಎಂಬ ಅರ್ಥವುಳ್ಳ ಪದಗಳನ್ನು ತಾನೇ ಓದಿಬಿಡುತ್ತದೆ. ಐವತ್ತು ಅಕ್ಷರಗಳ ಬೆಟ್ಟವನ್ನು ಹತ್ತಿದ ಮೇಲೆಯೇ ಓದಿನ ಸುಖವೆಂದು ಮಗುವನ್ನು ತಿಂಗಳುಗಟ್ಟಲೆ ಕಾಯಿಸದೆ, ಮೊದಲನೆಯ ತಿಂಗಳಿನಲ್ಲಿಯೇ ಆ ಸುಖದ ಒಂದು ಗುಟುಕನ್ನು ಕೊಡುವ ಈ ಕ್ರಮದಿಂದ, ಓದಬಲ್ಲೆನೆಂಬ ಧೈರ್ಯ ಎಳೆಯ ಮನಸ್ಸಿನಲ್ಲಿ ಬಹುಬೇಗ ನೆಲೆಗೊಳ್ಳುತ್ತದೆ.

ಗಣಿತಕ್ಕೂ ಇದೇ ನ್ಯಾಯ ಸಲ್ಲುತ್ತದೆ. ಹುಣಿಸೆಯ ಬೀಜ, ಹೊಂಗೆಯ ಬೀಜ, ಬಳೆಯ ಚೂರು, ಹಿಡಿಕಡ್ಡಿ, ಇವೇ ಸಂಖ್ಯೆಗಳು. ಹತ್ತು ಕಡ್ಡಿಗಳನ್ನು ಎಣಿಸಿ ದಾರದಿಂದ ಕಟ್ಟಿ ಒಂದು ಕಟ್ಟು ಮಾಡಿದ ಮಗುವಿಗೆ, ಇಪ್ಪತ್ತಮೂರೆಂದರೆ ಎರಡು ಕಟ್ಟು ಮತ್ತು ಮೂರು ಬಿಡಿಕಡ್ಡಿ ಎಂಬುದು ಕೈಯ ಅನುಭವದಿಂದಲೇ ತಿಳಿಯುತ್ತದೆ. ಮೂರು ಕಡ್ಡಿಯಿಂದ ಐದನ್ನು ಕಳೆಯಲಾಗದೆ ಒಂದು ಕಟ್ಟಿನ ದಾರವನ್ನು ಬಿಚ್ಚುವಾಗ, ದಶಕ ತೆಗೆದುಕೊಳ್ಳುವ ಲೆಕ್ಕದ ಗುಟ್ಟು ಕಣ್ಣೆದುರಿಗೇ ಬಿಚ್ಚಿಕೊಳ್ಳುತ್ತದೆ. ಇದಕ್ಕೆ ಹಣ ಬೇಡ. ಅಂಗಳದ ಮರವೂ ತಾಳ್ಮೆಯುಳ್ಳ ಉಪಾಧ್ಯಾಯಿನಿಯೂ ಇದ್ದರೆ ಸಾಕು.

ಮಧ್ಯಾಹ್ನದ ಊಟವನ್ನೂ ನಾನು ತರಗತಿಯ ಚಟುವಟಿಕೆಯೆಂದೇ ಎಣಿಸುತ್ತೇನೆ. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಮೊದಲುಗೊಂಡು ರಾಜ್ಯದಾದ್ಯಂತ ಹಬ್ಬಿದ ಅಕ್ಷರ ದಾಸೋಹದ ಬಿಸಿಯೂಟವೂ, 2013ರಿಂದ ಅದಕ್ಕೆ ಜೊತೆಯಾದ ಕ್ಷೀರಭಾಗ್ಯದ ಹಾಲೂ ಹಸಿವನ್ನು ನೀಗುವುದರ ಜೊತೆಗೆ, ಕೈ ತೊಳೆದು ಸಾಲಿನಲ್ಲಿ ನಿಲ್ಲುವುದು, ಚಿಕ್ಕವರಿಗೆ ಮೊದಲು ಬಡಿಸುವುದು, ಯಾರ ಮನೆಯವರೆಂದು ಕೇಳದೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದು ಎಂಬ ಪಾಠಗಳನ್ನು ಯಾವ ಪುಸ್ತಕವೂ ಕಲಿಸಲಾರದಷ್ಟು ಚೆನ್ನಾಗಿ ಕಲಿಸಿವೆ.

ಮುಂಬರುವ ಹಬ್ಬಗಳು

ಈಗ ವರ್ಷದ ಹಬ್ಬಗಳ ಕಡೆಗೆ ತಿರುಗೋಣ. ಜೂನ್ 5ರ ಪರಿಸರ ದಿನವೂ, 1950ರಲ್ಲಿ ಕೆ. ಎಂ. ಮುನ್ಶಿಯವರು ಆರಂಭಿಸಿದ ವನಮಹೋತ್ಸವದ ಜುಲೈ ವಾರವೂ ಮುಂಗಾರಿನೊಡನೆ ಬರುತ್ತವೆ. ಆಗಸ್ಟ್ 15ರ ಸ್ವಾತಂತ್ರ್ಯೋತ್ಸವ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕೆಲವು ಕಾಲ ಅಧ್ಯಾಪಕರಾಗಿದ್ದ ರಾಧಾಕೃಷ್ಣನ್ನರ ಹುಟ್ಟುಹಬ್ಬವಾದ ಸೆಪ್ಟೆಂಬರ್ 5, ದಸರಾ ರಜೆಯ ಆಸುಪಾಸಿನ ಗಾಂಧೀ ಜಯಂತಿ, ನವೆಂಬರ್ 1ರ ರಾಜ್ಯೋತ್ಸವ, ಅದೇ ತಿಂಗಳ 14ರ ಮಕ್ಕಳ ದಿನಾಚರಣೆ, ಬೆಂಗಳೂರಿನಲ್ಲಿ ನೆಲೆಸಿದ್ದ ರಾಮನ್ನರ ಸಂಶೋಧನೆಯ ನೆನಪಿಗಾಗಿ ಫೆಬ್ರವರಿ 28ರ ವಿಜ್ಞಾನ ದಿನ; ಇವುಗಳ ನಡುವೆ ಪ್ರತಿಭಾ ಕಾರಂಜಿ, ಮಕ್ಕಳ ಸಂತೆ, ಕಿರುಪ್ರವಾಸ, ವಾರ್ಷಿಕೋತ್ಸವ. ಪುಸ್ತಕದ ಚೀಲವನ್ನು ಮನೆಯಲ್ಲಿಯೇ ಬಿಟ್ಟು ಬರುವ ತಿಂಗಳ ಮೂರನೆಯ ಶನಿವಾರ ಬೇರೆ ಇದೆ.

ಇಷ್ಟೊಂದು ದಿನಾಚರಣೆಗಳ ನಡುವೆ ಪಾಠಕ್ಕೆ ಸಮಯವೆಲ್ಲಿ ಎಂಬ ಪ್ರಶ್ನೆ ಸಹಜವಾದುದು. ಸಸಿಯೊಂದನ್ನು ಹಿಡಿದು ಗಣ್ಯರ ಪಕ್ಕದಲ್ಲಿ ನಿಂತು ಭಾವಚಿತ್ರ ತೆಗೆಸಿಕೊಂಡು ಮರುದಿನ ಆ ಸಸಿಯನ್ನು ಮರೆತರೆ, ಪರಿಸರ ದಿನ ಪಾಠದ ಒಂದು ಗಂಟೆಯನ್ನು ನಿಜವಾಗಿಯೂ ನುಂಗಿಹಾಕಿತು. ಅದೇ ಸಸಿಯನ್ನು ಇಬ್ಬರು ಮಕ್ಕಳಿಗೆ ಒಪ್ಪಿಸಿ, ಪ್ರತಿ ತಿಂಗಳ ಮೊದಲ ದಿನ ದಾರ ಹಿಡಿದು ಅದರ ಎತ್ತರವನ್ನು ಅಳೆಸಿ, ಹೊಸ ಎಲೆಗಳನ್ನು ಎಣಿಸಿ, ಗೋಡೆಯ ಹಾಳೆಯಲ್ಲಿ ಬರೆಸಿದರೆ, ಒಂದು ದಿನದ ಹಬ್ಬ ವರ್ಷವಿಡೀ ನಡೆಯುವ ಗಣಿತವೂ ವಿಜ್ಞಾನವೂ ಆಗುತ್ತದೆ. ರಾಜ್ಯೋತ್ಸವಕ್ಕೆ ಯಾರೋ ಬರೆದುಕೊಟ್ಟ ಭಾಷಣವನ್ನು ಒಂದು ಮಗುವಿಗೆ ಉರು ಹಾಕಿಸುವುದಕ್ಕಿಂತ, ಪ್ರತಿಯೊಬ್ಬರೂ ತಮ್ಮ ಅಜ್ಜಿಯ ಬಳಿ ಕುಳಿತು ಒಂದು ಒಗಟನ್ನೋ ಜೋಗುಳವನ್ನೋ ಕೇಳಿ ತಂದು ತರಗತಿಯಲ್ಲಿ ಹೇಳುವಂತೆ ಮಾಡುವುದರಿಂದ ಕನ್ನಡದ ಸೇವೆ ಎಷ್ಟೋ ಪಾಲು ಹೆಚ್ಚಾಗಿ ಸಲ್ಲುತ್ತದೆ. ಮನೆಯಲ್ಲಿ ತುಳುವನ್ನೋ ಲಂಬಾಣಿಯನ್ನೋ ಉರ್ದುವನ್ನೋ ಆಡುವ ಮಗು ತನ್ನ ಮಾತಿನ ಒಗಟನ್ನು ತಂದರೆ, ಆ ದಿನದ ಸಂಪತ್ತು ಇನ್ನೂ ವೃದ್ಧಿಸುತ್ತದೆ.

ಮಕ್ಕಳ ಸಂತೆ

ಶಾಲೆಯ ಹಬ್ಬಗಳಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದುದು ಮಕ್ಕಳ ಸಂತೆ. ಅಳತೆ ತೂಕಗಳ ಕಲಿಕೆಗಾಗಿ ನಡೆಸುವುದರಿಂದ ಮೆಟ್ರಿಕ್ ಮೇಳವೆಂದೂ ಇದನ್ನು ಕರೆಯುವ ರೂಢಿಯಿದೆ. ಶಾಲೆಯ ಮುಂದಿನ ಬಯಲಿನಲ್ಲಿ ಗೋಣಿಚೀಲಗಳನ್ನು ಹಾಸಿಕೊಂಡು, ಮನೆಯ ಹಿತ್ತಲಿನಿಂದಲೋ ತೋಟದಿಂದಲೋ ತಂದ ಸೊಪ್ಪು, ಬದನೆ, ನಿಂಬೆ, ಕರಿಬೇವು, ತೆಂಗಿನಕಾಯಿಗಳನ್ನು ಗುಡ್ಡೆ ಹಾಕಿ, ಮಕ್ಕಳು ವ್ಯಾಪಾರಕ್ಕೆ ಕುಳಿತಿರುತ್ತಾರೆ. ಚುರುಮುರಿ ಕಲಸುವ ಹುಡುಗನ ಸುತ್ತ ಸಹಪಾಠಿಗಳ ಗುಂಪು; ಮಜ್ಜಿಗೆಯನ್ನು ಅರ್ಧ ಲೀಟರಿನ ಅಳತೆಯಿಂದ ಲೋಟಗಳಿಗೆ ಸುರಿಯುವ ಹುಡುಗಿಯ ಮುಖದಲ್ಲಿ, ಒಂದು ತೊಟ್ಟೂ ಚೆಲ್ಲಬಾರದೆಂಬ ಗಂಭೀರವಾದ ಏಕಾಗ್ರತೆ.

ಅಂತಹ ಒಂದು ಸಂತೆಯಲ್ಲಿ ನಾನು ಕಂಡ ವ್ಯವಹಾರವನ್ನು ಹೇಳಬೇಕು. ಮೂರನೆಯ ತರಗತಿಯ ಬಾಲೆಯೊಬ್ಬಳು ದಂಟಿನ ಸೊಪ್ಪನ್ನು ಮಾರುತ್ತಿದ್ದಳು. ಊರಿನ ಮುದುಕಿಯೊಬ್ಬರು ಬಂದು, ನಿಜವಾದ ಸಂತೆಯಲ್ಲಿ ಮಾಡುವಂತೆಯೇ ಕಟ್ಟನ್ನು ತಿರುಗಿಸಿ ನೋಡಿ, ಚೌಕಾಶಿ ಮಾಡಿ, ಮೂರು ಕಟ್ಟು ತೆಗೆದುಕೊಂಡು ಇಪ್ಪತ್ತು ರೂಪಾಯಿಯ ನೋಟನ್ನು ಕೊಟ್ಟರು. ಹುಡುಗಿ ನೋಟನ್ನು ಮಡಿಲಿನಲ್ಲಿಟ್ಟುಕೊಂಡು, ಬೆರಳು ಮಡಿಸುತ್ತ ತುಟಿಯಲ್ಲಿಯೇ ಲೆಕ್ಕ ಹಾಕತೊಡಗಿದಳು. ಪಕ್ಕದ ಹುಡುಗ ಉತ್ತರವನ್ನು ಹೇಳಲು ಬಾಯಿ ತೆರೆದಾಗ, ದೂರದಲ್ಲಿ ನಿಂತಿದ್ದ ಉಪಾಧ್ಯಾಯಿನಿಯವರು ಸುಮ್ಮನಿರೆಂದು ಅವನಿಗೆ ಕೈಸನ್ನೆ ಮಾಡಿದರು. ಮುದುಕಿಯೂ ಅವಸರಪಡಲಿಲ್ಲ. ಕಡೆಗೆ ಹುಡುಗಿ ತಲೆಯೆತ್ತಿ, "ಅಜ್ಜಿ, ಕಟ್ಟಿಗೆ ಐದರಂತೆ ಮೂರು ಕಟ್ಟಿಗೆ ಹದಿನೈದು ಆಯ್ತು, ನಾನು ನಿಮಗೆ ಇನ್ನು ಐದು ಕೊಡಬೇಕು" ಎಂದು ಹೇಳಿ ನಾಣ್ಯವನ್ನು ಅವರ ಅಂಗೈಯಲ್ಲಿಟ್ಟಳು. "ಜಾಣೆ ಕಣವ್ವ ನೀನು" ಎಂದು ಅಜ್ಜಿ ಅವಳ ಕೆನ್ನೆ ಸವರಿ ಹೋದರು. ಗುಣಿಸುವುದು, ಕಳೆಯುವುದು, ಅಪರಿಚಿತರೊಡನೆ ಗೌರವದಿಂದ ಮಾತನಾಡುವುದು, ಕೊಡಬೇಕಾದುದನ್ನು ಕೊಡುವುದು ಎಂಬ ನಾಲ್ಕು ವಿದ್ಯೆಗಳು ಆ ಎರಡು ನಿಮಿಷಗಳಲ್ಲಿ ಪರೀಕ್ಷೆಗೆ ಒಳಗಾದುವು, ನಾಲ್ಕರಲ್ಲಿಯೂ ಹುಡುಗಿ ತೇರ್ಗಡೆಯಾದಳು.

ಸಂತೆಯ ಹಿಂದಿನ ವಾರವೆಲ್ಲ ಆ ತರಗತಿಯಲ್ಲಿ ತಕ್ಕಡಿ ಹಿಡಿಯುವ ಅಭ್ಯಾಸ ನಡೆದಿತ್ತು. ಬೆಲೆಯ ಚೀಟಿಗಳನ್ನು ಮಕ್ಕಳೇ ಬರೆದಿದ್ದರು. ಸಂತೆಯ ಮರುದಿನ ಎಷ್ಟು ಮಾರಿತು, ಎಷ್ಟು ಉಳಿಯಿತು, ಲಾಭವೆಷ್ಟೆಂಬ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಮಾಡಲಿದ್ದರು. ಪಾಠದಿಂದ ಹೊರಟು ಮತ್ತೆ ಪಾಠಕ್ಕೇ ಮರಳುವ ಇಂತಹ ಹಬ್ಬ ಸಮಯವನ್ನು ಕಸಿದುಕೊಂಡಿತೆಂದು ಯಾರೂ ದೂರಲಾರರು.

ಹಿರಿಯರ ಸಂತೋಷ, ಕಿರಿಯರ ಆಯಾಸ

ಇದಕ್ಕೆ ವಿಪರೀತವಾದ ದೃಶ್ಯಗಳೂ ನಮ್ಮಲ್ಲಿ ಕಡಮೆಯಿಲ್ಲವೆಂಬುದನ್ನು ವ್ಯಸನದಿಂದ ಹೇಳಬೇಕಾಗಿದೆ. ಅನೇಕ ಶಾಲೆಗಳಲ್ಲಿ, ಮುಖ್ಯವಾಗಿ ಪಟ್ಟಣಗಳಲ್ಲಿ, ವಾರ್ಷಿಕೋತ್ಸವಕ್ಕಾಗಿ ವಾರಗಟ್ಟಲೆ ಪಾಠವನ್ನು ನಿಲ್ಲಿಸಿ, ಮಕ್ಕಳಿಗೆ ಅರ್ಥವೇ ಆಗದ ಸಿನಿಮಾ ಹಾಡಿಗೆ ಹೆಜ್ಜೆ ಹಾಕುವುದನ್ನು ಕಲಿಸುತ್ತಾರೆ. ಬಾಡಿಗೆಯ ಉಡುಪಿಗಾಗಿ ಕೂಲಿ ಮಾಡುವ ತಂದೆತಾಯಿಗಳು ಸಾಲ ಮಾಡಬೇಕಾಗುತ್ತದೆ. ಮಧ್ಯಾಹ್ನವೇ ಬಣ್ಣ ಬಳಿಸಿಕೊಂಡ ಆರು ವರ್ಷದ ಮಕ್ಕಳು, ವೇದಿಕೆಯ ಮೇಲಿನ ಗಣ್ಯರ ಭಾಷಣಗಳು ಒಂದೊಂದಾಗಿ ಮುಗಿಯುವವರೆಗೆ, ನಿದ್ದೆಯಿಂದ ತೂಗುತ್ತ ರಾತ್ರಿ ಕಾಯುತ್ತಾರೆ. ಚೆನ್ನಾಗಿ ಕುಣಿಯಬಲ್ಲ ಹತ್ತು ಮಂದಿ ಮುಂದಿನ ಸಾಲಿಗೆ ಬರುತ್ತಾರೆ, ಉಳಿದವರು ಚಪ್ಪಾಳೆ ತಟ್ಟಲು ಕೆಳಗೆ ಕೂರುತ್ತಾರೆ. ಈ ಸಮಾರಂಭ ಹಿರಿಯರ ತೃಪ್ತಿಗಾಗಿ ನಡೆಯುತ್ತದೆ. ಮಗು ಅಲ್ಲಿ ನೆಪಮಾತ್ರ.

ಪ್ರತಿಭಾ ಕಾರಂಜಿಯ ವಿಷಯದಲ್ಲಿಯೂ ಎಚ್ಚರ ಬೇಕು. ಕಂಠಪಾಠ, ಕಥೆ ಹೇಳುವುದು, ಛದ್ಮವೇಷ, ಅಭಿನಯಗೀತೆ, ಚಿತ್ರಕಲೆ, ಮಣ್ಣಿನ ಮಾದರಿ ಎಂಬ ಸ್ಪರ್ಧೆಗಳಿಂದ ಹಳ್ಳಿಯ ಎಷ್ಟೋ ಮಕ್ಕಳ ಅಡಗಿದ ಶಕ್ತಿ ಬೆಳಕಿಗೆ ಬಂದಿದೆ. ಸರ್ಕಾರಿ ಶಾಲೆಯ ಮಗುವಿಗೆ ವೇದಿಕೆಯೊಂದನ್ನು ಕೊಟ್ಟ ಈ ಯೋಜನೆ ಸ್ತುತ್ಯವಾದುದೇ ಸರಿ. ಆದರೆ ಬಹುಮಾನದ ಆಸೆಯಿಂದ ಗೆಲ್ಲಬಲ್ಲ ಒಂದೇ ಮಗುವನ್ನು ತಿದ್ದಿ ತೀಡಿ, ಮಿಕ್ಕವರಿಗೆ ಜೇಡಿಮಣ್ಣನ್ನು ಮುಟ್ಟುವ ಅವಕಾಶವನ್ನೂ ಕೊಡದಿದ್ದರೆ, ಕಾರಂಜಿ ಒಂದೇ ಕೊಡವನ್ನು ತುಂಬಿ ನಿಂತುಹೋಗುತ್ತದೆ. ಕ್ಲಸ್ಟರಿನ ಸ್ಪರ್ಧೆಗೆ ಮೊದಲು ಪ್ರತಿಯೊಂದು ತರಗತಿಯೂ ತನ್ನೊಳಗೇ ಒಂದು ದಿನವನ್ನು ಗೊತ್ತುಮಾಡಿ, ಎಲ್ಲರೂ ಮಣ್ಣು ಕಲಸಿ, ಎಲ್ಲರೂ ಕಥೆ ಹೇಳಿದ ಮೇಲೆ ಮುಂದಿನ ಹಂತದ ಮಾತನ್ನು ಆಡುವುದು ನ್ಯಾಯ.

ನಮ್ಮ ಹಿರಿಯರಿಗೆ ಈ ವಿವೇಕ ಹೊಸದಾಗಿರಲಿಲ್ಲ. ಉಪಾಧ್ಯಾಯರಾಗಿ, ಶಾಲೆಗಳ ಇನ್ಸ್ಪೆಕ್ಟರರಾಗಿ ದುಡಿದ ಪಂಜೆ ಮಂಗೇಶರಾಯರು ಮಕ್ಕಳ ಬಾಯಿಗೆ ಒಗ್ಗುವ ಹಾಡುಗಳನ್ನೂ ಕಥೆಗಳನ್ನೂ ಕನ್ನಡಕ್ಕೆ ಕೊಟ್ಟರು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ಕುತೂಹಲವನ್ನು ತಣಿಸುವುದಕ್ಕಾಗಿ ಬಾಲಪ್ರಪಂಚದ ಸಂಪುಟಗಳನ್ನು ಬರೆದರು. ದೂರದ ಭಾವನಗರದಲ್ಲಿ ವಕೀಲಿಯನ್ನು ಬಿಟ್ಟು ಬಾಲಮಂದಿರವನ್ನು ಕಟ್ಟಿದ ಗಿಜುಭಾಯಿ ಬಧೇಕಾ ಅವರ 'ದಿವಾಸ್ವಪ್ನ'ದ ಉಪಾಧ್ಯಾಯನು ಗದ್ದಲದ ತರಗತಿಯನ್ನು ಗೆದ್ದುದು ಕಥೆಯಿಂದ ಮತ್ತು ಆಟದಿಂದ. ಮಗುವಿನ ಸಹಜವಾದ ಆನಂದವನ್ನೇ ಕಲಿಕೆಯ ವಾಹನವಾಗಿಸಿಕೊಂಡ ಈ ಮಹನೀಯರು, ಇಂದಿನ ಯಾವ ಶಾಲೆಯೂ ಅನುಸರಿಸಬಹುದಾದ ಮಾರ್ಗವನ್ನು ತೋರಿಸಿ ಹೋಗಿದ್ದಾರೆ.

ಆಗಬೇಕಾದುದೇನು

ಉಪಾಧ್ಯಾಯರ ಕಷ್ಟವನ್ನು ಅರಿಯದೆ ಉಪದೇಶ ಮಾಡುವುದು ಅನ್ಯಾಯವಾದೀತು. ಮೂರು ತರಗತಿಗಳ ಮಕ್ಕಳನ್ನು ಒಂದೇ ಕೋಣೆಯಲ್ಲಿ ಒಬ್ಬರೇ ನೋಡಿಕೊಳ್ಳುವವರು, ಸಮೀಕ್ಷೆಗೂ ಚುನಾವಣೆಗೂ ಅಂಕಿಅಂಶ ತುಂಬುವುದಕ್ಕೂ ನಿಯುಕ್ತರಾಗಿ ಬಳಲಿದವರು, ಹರಿದ ಕಾರ್ಡುಗಳನ್ನು ಸ್ವಂತ ಹಣದಿಂದ ಮತ್ತೆ ಬರೆಸಿದವರು ನಮ್ಮಲ್ಲಿ ಅನೇಕರಿದ್ದಾರೆ. "ಬರೀ ಆಟ ಆಡಿಸ್ತೀರಿ, ಪಾಠ ಯಾವಾಗ ಮಾಡ್ತೀರಿ?" ಎಂಬ ಪೋಷಕರ ಮಾತನ್ನೂ ಅವರು ಕೇಳಬೇಕಾಗಿದೆ. ಚಟುವಟಿಕೆಯ ತರಗತಿಗೆ ಉಪಾಧ್ಯಾಯರ ಸಂಖ್ಯೆ ಸಾಕಷ್ಟಿರಬೇಕು, ಸಾಮಗ್ರಿ ಕಾಲಕ್ಕೆ ಸರಿಯಾಗಿ ಬರಬೇಕು, ಇತರ ಕೆಲಸಗಳ ಹೊರೆ ಇಳಿಯಬೇಕು. ಇವು ಸರ್ಕಾರದ ಕರ್ತವ್ಯಗಳು.

ಇವುಗಳಿಗಾಗಿ ಕಾಯದೆ ಮಾಡಬಹುದಾದ ಕೆಲಸಗಳೂ ಉಂಟು. ಮುಂಬರುವ ಹಬ್ಬಗಳ ಪಟ್ಟಿಯನ್ನು ಮುಖ್ಯೋಪಾಧ್ಯಾಯರ ಕೋಣೆಯ ಕಡತದಲ್ಲಿ ಇಡದೆ, ಮಕ್ಕಳ ಕಣ್ಣಿನ ಎತ್ತರಕ್ಕೆ, ಅವರದೇ ಕೈಯ ಚಿತ್ರಗಳೊಡನೆ ತರಗತಿಯ ಗೋಡೆಗೆ ಹಾಕಬಹುದು. ದಿನಗಳನ್ನು ಎಣಿಸುತ್ತ ಕಾಯುವ ಸಂತೋಷದಲ್ಲಿಯೇ ವಾರ, ತಿಂಗಳು, ಋತುಗಳ ಪರಿಜ್ಞಾನ ಅವರಿಗೆ ಬಂದುಬಿಡುತ್ತದೆ. ಹಬ್ಬದ ಸಿದ್ಧತೆಯಲ್ಲಿ ಮಾತನಾಡಲು ನಾಚುವ ಮಗುವಿಗೆ ಪರದೆ ಎಳೆಯುವುದನ್ನೋ, ತಾಳ ಹಾಕುವುದನ್ನೋ, ಅತಿಥಿಗಳಿಗೆ ನೀರು ಕೊಡುವುದನ್ನೋ ಒಪ್ಪಿಸಬಹುದು. ಕಾರ್ಯಕ್ರಮವನ್ನು ಹಗಲಿನಲ್ಲಿಯೇ, ಮಕ್ಕಳು ಚೈತನ್ಯದಿಂದಿರುವ ಹೊತ್ತಿನಲ್ಲಿಯೇ ಮುಗಿಸಬಹುದು. ಭಾಷಣಗಳನ್ನು ಚಿಕ್ಕದು ಮಾಡಬಹುದು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು ಬಾಡಿಗೆಯ ಉಡುಪಿನ ಹಣವನ್ನು ತರಗತಿಯ ಕಥೆಪುಸ್ತಕಗಳಿಗಾಗಿ ಮೀಸಲಿಡಬಹುದು.

ಶಾಲೆಯ ಯಾವುದೇ ಸಮಾರಂಭದ ಯೋಗ್ಯತೆಯನ್ನು ಅಳೆಯುವುದಕ್ಕೆ ನನ್ನಲ್ಲಿರುವ ಮಾನದಂಡ ಒಂದೇ: ತರಗತಿಯಲ್ಲಿ ಎಲ್ಲರಿಗಿಂತ ಹಿಂದೆ ಕುಳಿತ, ಎಲ್ಲರಿಗಿಂತ ಮೆಲ್ಲಗೆ ಮಾತನಾಡುವ ಮಗುವಿಗೆ ಆ ದಿನ ಯಾವ ಕೆಲಸ ಸಿಕ್ಕಿತು, ಆ ಕೆಲಸದಿಂದ ಅದು ಏನು ಕಲಿಯಿತು? ಈ ಪ್ರಶ್ನೆಗೆ ಉತ್ತರ ಹೇಳಲಾರದ ಸಮಾರಂಭ ಎಷ್ಟೇ ವೈಭವದಿಂದ ನಡೆದರೂ ವ್ಯರ್ಥವೆಂದೇ ತಿಳಿಯಬೇಕು.

ಕಡೆಯದಾಗಿ ಪೋಷಕರಲ್ಲಿ ಒಂದು ಪ್ರಾರ್ಥನೆ. ವಾರ್ಷಿಕೋತ್ಸವದ ದಿನ ಮುಂದಿನ ಸಾಲಿನ ಕುರ್ಚಿಗಾಗಿ ಬೇಗ ಬರುವ ತಾವು, ಯಾವ ಹಬ್ಬವೂ ಇಲ್ಲದ ಒಂದು ಬುಧವಾರವೋ ಗುರುವಾರವೋ ಉಪಾಧ್ಯಾಯರ ಅನುಮತಿ ಪಡೆದು, ತಮ್ಮ ಮಗುವಿನ ತರಗತಿಯಲ್ಲಿ ಅರ್ಧ ಗಂಟೆ ಚಾಪೆಯ ಮೇಲೆ ಕುಳಿತು ಬನ್ನಿ. ಕಥೆ ಗೊತ್ತಿದ್ದರೆ ಒಂದು ಕಥೆ ಹೇಳಿ, ಬುಟ್ಟಿ ಹೆಣೆಯಬಲ್ಲಿರಾದರೆ ಅದನ್ನು ತೋರಿಸಿ. ನಮ್ಮ ಊರಿನ ಶಾಲೆ ನಮ್ಮದೆಂಬ ಅಭಿಮಾನ ಬೆಳೆಯುವುದು ಅಂತಹ ಸಾಮಾನ್ಯ ದಿನಗಳಲ್ಲಿ. ಆ ಅಭಿಮಾನವಿರುವ ಊರಿನಲ್ಲಿ ಶಾಲೆಗೆ ಬೀಗ ಬೀಳುವುದಿಲ್ಲ.